ಎರೆ ಮಣ್ಣಿನ ಅಂಗಳಕ್ಕೆ ಯಾವ ಮಡಿ ಹೊಂದುತ್ತದೆ?

ಎರೆ ಮಣ್ಣಿನಲ್ಲಿ, ಅಂದರೆ ಜಿಗುಟು ಕಪ್ಪು ಮಣ್ಣಿನಲ್ಲಿ, ಕೈತೋಟ ಮಾಡುವವರಿಗೆ ಎದುರಾಗೋದು ಒಂದು ಕಷ್ಟ ಅಲ್ಲ, ಎರಡು. ಏಪ್ರಿಲ್‌ನಲ್ಲಿ ಅಂಗಳ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಸೆಪ್ಟೆಂಬರ್‌ನಲ್ಲಿ ಅದೇ ಅಂಗಳದಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಯಾವುದೂ ಮಲೆನಾಡಲ್ಲ. ವರ್ಷಕ್ಕೆ ಬೀಳೋದು 500ರಿಂದ 650 ಮಿ.ಮೀ. ಆಸುಪಾಸಿನ ಮಳೆ. ಆದರೆ ಅದು ಹಂಚಿಕೊಂಡು ಬರೋದಿಲ್ಲ. ಜುಲೈನಲ್ಲಿ ಮೋಡ ನೋಡ್ತಾ ಕೂತಿರುತ್ತೇವೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ತನಕದ ಹುಬ್ಬಿ, ಉತ್ತರಿ ಮಳೆ ಹಿಡಿದರೆ ಬಿಡೋದೇ ಇಲ್ಲ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಕೆಲವೇ ದಿನದ ಮಳೆಗೆ ನಮ್ಮ ಕಡೆ ಊರೂರೇ ಮುಳುಗಿದ್ದು ಯಾರೂ ಮರೆತಿಲ್ಲ.

ಹಾಗಾಗಿ ಬೇರೆ ಕಡೆಯ ಸಲಹೆ ಇಲ್ಲಿ ಅರ್ಧ ಮಾತ್ರ ನಡೆಯುತ್ತದೆ. ಮಳೆ ಜಾಸ್ತಿ ಇರುವ ಕಡೆಯವರು ಮೊಣಕಾಲೆತ್ತರದ ಕಟ್ಟೆ ಕಟ್ಟಿ ಅಂತಾರೆ. ಬರಡು ಸೀಮೆಯವರು ತಗ್ಗು ಪಾತಿ ಮಾಡಿ ಅಂತಾರೆ. ಮೊದಲನೆಯದು ನಮ್ಮ ಬೇಸಿಗೆಗೆ ಒಣಗುತ್ತದೆ, ಎರಡನೆಯದು ನಮ್ಮ ಉತ್ತರಿ ಮಳೆಗೆ ಕೊಳೆಯುತ್ತದೆ. ನಮಗೆ ಬೇಕಾದದ್ದು ಸೆಪ್ಟೆಂಬರ್‌ನಲ್ಲಿ ನೀರು ಬಿಟ್ಟುಕೊಡುವ, ಏಪ್ರಿಲ್‌ನಲ್ಲಿ ಹಿಡಿದಿಟ್ಟುಕೊಳ್ಳುವ ಮಡಿ. ಬಹಳಷ್ಟು ಅಂಗಳಗಳಿಗೆ ಇಟ್ಟಿಗೆ, ಕಲ್ಲು ಏನೂ ಬೇಡದ ಅಗಲವಾದ ಏರುಮಡಿಯೇ ಸಾಕು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಮುಂದೆ ಹೇಳುತ್ತೇನೆ. ಎಲ್ಲಿ ಅದು ಸಾಲದು ಅನ್ನೋದನ್ನೂ ಹೇಳುತ್ತೇನೆ.

ಮೊದಲು ಮಣ್ಣು ನೋಡಿ

ಮೂರು ಜಿಲ್ಲೆಯಲ್ಲೂ ಮಣ್ಣು ಒಂದೇ ಥರ ಇಲ್ಲ. ಸಿಂಧನೂರು, ಮಾನ್ವಿ, ಸಿರುಗುಪ್ಪ, ಗಂಗಾವತಿ ಕಡೆ ಎರೆ ಜಾಸ್ತಿ. ಕುಷ್ಟಗಿ, ಸಂಡೂರು ಕಡೆ ಮಸಾರಿ, ಕೆಂಪು ಮಣ್ಣು ಸಿಗುತ್ತದೆ. ಒಂದೇ ಊರಲ್ಲಿ ಮೇಲಿನ ಓಣಿ ಮಸಾರಿ, ಕೆಳಗಿನ ಓಣಿ ಎರೆ ಅಂತಲೂ ಇರುತ್ತದೆ. ಮಸಾರಿ ಇದ್ದವರಿಗೆ ಈ ತಲೆನೋವು ಅರ್ಧಕ್ಕರ್ಧ ಕಡಿಮೆ. ಅವರು ಸಾದಾ ಪಾತಿ ಮಾಡಿ ಗೊಬ್ಬರ ಹಾಕಿದರೂ ನಡೆಯುತ್ತದೆ.

ಎರೆ ಹೌದೋ ಅಲ್ಲವೋ ತಿಳಿಯೋಕೆ ಪ್ರಯೋಗಾಲಯ ಬೇಡ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಹಾಗೆ ಒಂದು ಹಿಡಿ ಹಸಿ ಮಣ್ಣು ನಾದಿ. ಬೆರಳಿನ ನಡುವೆ ಒತ್ತುತ್ತಾ ಪಟ್ಟಿ ಎಳೆಯಿರಿ. ಎರಡು ಇಂಚು ಮೀರಿಯೂ ಮುರಿಯದೆ ಜೋತುಬಿದ್ದರೆ, ಕೊಂಬು ಮಾಡಿದರೆ ನಿಂತುಕೊಂಡರೆ, ಅದು ಗಟ್ಟಿ ಎರೆ. ಅರ್ಧ ಇಂಚಿಗೇ ಮುರಿದು ಉದುರಿದರೆ ಮಸಾರಿ ಬೆರಕೆ ಇದೆ ಅಂತ.

ಇನ್ನೊಂದು ಪರೀಕ್ಷೆ ನೀರು ಇಂಗೋದರದು. ಒಂದು ಅಡಿ ಆಳ, ಒಂದು ಅಡಿ ಅಗಲದ ಗುಂಡಿ ತೆಗೆದು ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯಿತು ಅಂತ ಕೋಲು ಇಟ್ಟು ಅಳೆಯಿರಿ. ಇದನ್ನು ಬೇಸಿಗೆಯಲ್ಲಿ ಮಾಡಬೇಡಿ. ಎರೆ ಮಣ್ಣು ಒಣಗಿದಾಗ ಕುಗ್ಗಿ ಬಿರುಕು ಬಿಟ್ಟಿರುತ್ತದೆ, ಬಿಂದಿಗೆಗಟ್ಟಲೆ ನೀರು ಬಿರುಕಿನೊಳಗೆ ಹೋಗಿಬಿಡುತ್ತದೆ. ನೀರು ಚೆನ್ನಾಗಿ ಇಂಗುತ್ತದೆ ಅಂದುಕೊಳ್ಳುತ್ತೇವೆ. ಅದೇ ಮಣ್ಣು ಮಳೆಗೆ ಹಿಗ್ಗಿ ಬಿರುಕು ಮುಚ್ಚಿಕೊಂಡ ಮೇಲೆ ನೀರು ಕೆಳಗೆ ಇಳಿಯೋದೇ ಇಲ್ಲ. ಒಂದೆರಡು ಒಳ್ಳೆ ಮಳೆ ಆದ ಮೇಲೆ ಅಳೆದ ಲೆಕ್ಕವೇ ನಿಜವಾದ ಲೆಕ್ಕ. ಆಗ ಗಂಟೆಗೆ ಒಂದು ಸೆಂ.ಮೀ. ಕೂಡ ಇಳಿಯದಿದ್ದರೆ, ಸಮತಟ್ಟು ಪಾತಿಯಲ್ಲಿ ಮಳೆಗಾಲದ ತರಕಾರಿ ಬೆಳೆಯೋ ಆಸೆ ಬಿಡಿ.

ಮಡಿಗಿಂತ ಮೊದಲು ನೀರಿನ ದಾರಿ

ಒಂದು ಚಿಕ್ಕ ಲೆಕ್ಕ ಹಾಕೋಣ. ಹತ್ತು ಅಡಿ ಉದ್ದ, ಸುಮಾರು ಒಂದು ಮೀಟರ್ ಅಗಲದ ಮಡಿ, ಪಕ್ಕದಲ್ಲಿ ಒಂದೂವರೆ ಅಡಿ ಕಾಲುವೆ, ಎರಡೂ ಸೇರಿ ಸುಮಾರು ನಾಲ್ಕೂವರೆ ಚದರ ಮೀಟರ್ ಜಾಗ. ಒಂದು ರಾತ್ರಿ 50 ಮಿ.ಮೀ. ಮಳೆ ಬಿದ್ದರೆ ಅಷ್ಟು ಜಾಗಕ್ಕೇ 220 ಲೀಟರ್ ನೀರು ಬರುತ್ತದೆ. ಎಂಟು ಇಂಚು ಆಳದ ಇಳಿಜಾರು ಬದಿಯ ಕಾಲುವೆ ಹಿಡಿಯೋದು 135 ಲೀಟರ್ ಆಸುಪಾಸು. ಮಣ್ಣು ಮೊದಲೇ ನೆಂದಿದ್ದರೆ ಉಳಿದ ನೀರು ಎಲ್ಲಿಗೆ ಹೋಗಬೇಕು? ಇದರ ಮೇಲೆ ಮಾಳಿಗೆ ನೀರೂ ಸೇರಿದರೆ ಕಥೆ ಮುಗಿಯಿತು. 600 ಚದರ ಅಡಿ ಮಾಳಿಗೆಯಿಂದ ಅದೇ ಮಳೆಗೆ ಸುಮಾರು 2,800 ಲೀಟರ್ ಇಳಿಯುತ್ತದೆ.

ಅದಕ್ಕೇ ಮಡಿ ಎತ್ತರ ಎಷ್ಟಿರಬೇಕು ಅನ್ನೋದಕ್ಕಿಂತ ಕಾಲುವೆಯ ಬಾಯಿ ಎಲ್ಲಿ ತೆರೆಯಬೇಕು ಅನ್ನೋದು ದೊಡ್ಡ ಪ್ರಶ್ನೆ. ಜೋರು ಮಳೆ ಬರುವಾಗ ಛತ್ರಿ ಹಿಡಿದು ಅಂಗಳದಲ್ಲಿ ನಿಂತು ನೋಡಿ. ನೀರು ಯಾವ ಮೂಲೆಗೆ ಓಡುತ್ತದೆ, ಎಲ್ಲಿ ನಿಲ್ಲುತ್ತದೆ, ಮಾಳಿಗೆ ಪೈಪು ಎಲ್ಲಿ ಸುರಿಯುತ್ತದೆ ಅಂತ ಗೊತ್ತಾಗುತ್ತದೆ. ಪೈಪಿನ ನೀರನ್ನು ಡ್ರಮ್ಮಿಗೋ ಇಂಗುಗುಂಡಿಗೋ ಬೇರೆ ದಾರಿಯಲ್ಲಿ ಕಳಿಸಿ. ಮಡಿಯ ಕಾಲುವೆಗಳನ್ನು ತಗ್ಗಿನ ಕಡೆ ಒಂದು ಬಸಿಗಾಲುವೆಗೆ ಸೇರಿಸಿ. ಅದರ ತುದಿಗೆ ಬಾಳೆ ಹಾಕಿದರೆ ಹರಿದು ಬಂದ ನೀರು ಅದಕ್ಕೆ ಸಿಗುತ್ತದೆ. ನುಗ್ಗೆ ಮಾತ್ರ ಅಲ್ಲಿ ಬೇಡ, ನೀರು ನಿಂತರೆ ಬೇರು ಕೊಳೆಯುತ್ತದೆ. ಅದಕ್ಕೆ ದಿಬ್ಬದ ಜಾಗ ಕೊಡಿ.

ಇನ್ನೊಂದು ಮುಖ್ಯ ಮಾತು: ನೀರು ಹಾಯಿಸುವ ಮಡಿಯನ್ನು ಮನೆ ಗೋಡೆಗೆ ಅಂಟಿಸಿ ಮಾಡಬೇಡಿ. ಎರೆ ಮಣ್ಣು ಒಂದು ಕಡೆ ನೆಂದು ಹಿಗ್ಗಿ, ಇನ್ನೊಂದು ಕಡೆ ಒಣಗಿ ಕುಗ್ಗಿದರೆ ಬುನಾದಿ ಎಳೆದಾಡುತ್ತದೆ, ಗೋಡೆ ಸೀಳುತ್ತದೆ. ಐದಾರು ಅಡಿ ಬಿಡಿ. ಜಾಗ ಕಡಿಮೆ ಅಂತ ಈ ಮಾತು ಬದಿಗಿಡಬೇಡಿ. ಮನೆ ರಿಪೇರಿಯ ಖರ್ಚಿನ ಮುಂದೆ ತರಕಾರಿ ಉಳಿತಾಯ ಏನೂ ಅಲ್ಲ.

ಪಾತಿಯೋ, ಬೋದೋ, ಏರುಮಡಿಯೋ, ಕಟ್ಟೆಯೋ?

ಸಮತಟ್ಟು ಪಾತಿ ಎಲ್ಲಕ್ಕಿಂತ ಅಗ್ಗ. ಸುತ್ತ ಬದು ಎಳೆದು ಒಳಗೆ ನೀರು ಬಿಟ್ಟರೆ ಆಯಿತು. ದೀಪಾವಳಿ ಕಳೆದ ಮೇಲೆ ಮೆಂತ್ಯೆ, ಪಾಲಕ್, ಕೊತ್ತಂಬರಿ, ಉಳ್ಳಾಗಡ್ಡಿ ಬೆಳೆಯೋಕೆ ಇದೇ ಚೆಂದ. ಚಳಿಗಾಲಕ್ಕೂ ಬೇಸಿಗೆಗೂ ನೀರು ಉಳಿಸುತ್ತದೆ. ಆದರೆ ಮುಂಗಾರಿಗೆ ಇದರಲ್ಲಿ ಬೀಜ ಹಾಕಿದರೆ, ಒಂದು ಜೋರು ಮಳೆಗೆ ಮೇಲೆ ಹೆಪ್ಪು ಕಟ್ಟಿ ಮೊಳಕೆಯೇ ಮೇಲೆ ಬರೋದಿಲ್ಲ.

ಬೋದು ಮತ್ತು ಸಾಲು ನಮ್ಮ ರೈತರಿಗೆ ಹೊಸದಲ್ಲ. ಎರಡು ಎರಡೂವರೆ ಅಡಿಗೊಂದು ಬೋದು ಏರಿಸಿ, ಅದರ ಮೇಲೆ ಮೆಣಸಿನಕಾಯಿ, ಬದನೆ, ಬೆಂಡೆ, ಟೊಮೆಟೊ ಹಚ್ಚುತ್ತಾರೆ. ಮೆಣಸಿನ ಗಿಡದ ಬುಡದಲ್ಲಿ ಎರಡು ದಿನ ನೀರು ನಿಂತರೆ ಸಾಕು, ಎಲೆ ಜೋತುಬಿದ್ದು ಗಿಡ ಸೊರಗುತ್ತದೆ. ಹಾಗಾಗಿ ಈ ಬೆಳೆಗಳಿಗೆ ಪಾತಿಗಿಂತ ಬೋದು ಎಷ್ಟೋ ಮೇಲು. ಕೊರತೆ ಅಂದರೆ ಬೋದು ಸಣ್ಣದು. ಮಳೆಗೆ ಬೇಗ ಕುಸಿಯುತ್ತದೆ, ಬಿಸಿಲಿಗೆ ಬೇಗ ಒಣಗುತ್ತದೆ, ವರ್ಷ ವರ್ಷ ಹೊಸದಾಗಿ ಏರಿಸಬೇಕು. ಸೊಪ್ಪು ಬಿತ್ತೋಕೆ ಜಾಗವೂ ಸಾಲದು. ಹಿತ್ತಲಲ್ಲಿ ಬರೀ ಮೆಣಸಿನಕಾಯಿ, ಬದನೆ ಸಾಕು ಅನ್ನೋರಿಗೆ ಇದು ಸರಿ.

ಈಗ ನಾನು ಹೇಳಿದ ಅಗಲ ಏರುಮಡಿ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿರುವ, ಒಣಬೇಸಾಯದ ಬೆಳೆಗಳ ಮೇಲೆ ಸಂಶೋಧನೆ ಮಾಡುವ ಇಕ್ರಿಸ್ಯಾಟ್ ಸಂಸ್ಥೆ 1970ರ ದಶಕದಲ್ಲಿ ಎರೆ ಹೊಲಗಳಿಗೆ ಅಂತಲೇ ಅಗಲ ಮಡಿ ಮತ್ತು ಕಾಲುವೆಯ ಪದ್ಧತಿ ರೂಪಿಸಿತು. ಸುಮಾರು ಒಂದು ಮೀಟರ್ ಅಗಲದ ಮಡಿ, ಅರ್ಧ ಮೀಟರ್ ಕಾಲುವೆ, ನೂರು ಮೀಟರ್ ಉದ್ದಕ್ಕೆ 40ರಿಂದ 80 ಸೆಂ.ಮೀ. ಇಳಿಜಾರು. ಹೊಲದ ಈ ಅಳತೆ ಹಿತ್ತಲಿಗೂ ಹೊಂದುತ್ತದೆ. ಐದು ಮೀಟರ್ ಮಡಿಗೆ ಎರಡರಿಂದ ನಾಲ್ಕು ಸೆಂ.ಮೀ. ಇಳಿಜಾರು ಅಂದರೆ ಎರಡು ಬೆರಳು ಅಗಲ, ಅಷ್ಟೇ. ಅದಕ್ಕಿಂತ ಜಾಸ್ತಿ ಕೊಟ್ಟರೆ ನೀರಿನ ಜೊತೆ ಮಣ್ಣೂ ಕೊಚ್ಚಿ ಹೋಗುತ್ತದೆ.

ಕಾಲುವೆಯಿಂದ ತೆಗೆದ ಮಣ್ಣನ್ನೇ ಮಡಿ ಮೇಲೆ ಎತ್ತಿ ಹಾಕೋದು. ಆರರಿಂದ ಎಂಟು ಇಂಚು ಎತ್ತರ ಸಾಕು. ಎರಡೂ ಬದಿಯಿಂದ ಕೈ ನಡುವಿನ ತನಕ ಮುಟ್ಟಬೇಕು, ಹಾಗಾಗಿ ಮೂರರಿಂದ ಮೂರೂವರೆ ಅಡಿಗಿಂತ ಅಗಲ ಬೇಡ. ಮಡಿ ಮೇಲೆ ಯಾವತ್ತೂ ಕಾಲಿಡಬಾರದು. ಹಸಿ ಎರೆ ಮೇಲೆ ಒಂದು ಸಲ ತುಳಿದರೆ ಆ ಜಾಗ ಗಟ್ಟಿಯಾಗಿ ಆ ಹಂಗಾಮು ಪೂರ್ತಿ ಹಾಗೇ ಇರುತ್ತದೆ. ಓಡಾಟ ಏನಿದ್ದರೂ ಕಾಲುವೆಯಲ್ಲಿ.

ಇದರ ನಿಜವಾದ ಲಾಭ ಕಾಲುವೆಯ ಬಾಯಿಯಲ್ಲಿದೆ. ಜೂನ್, ಜುಲೈನಲ್ಲಿ ಮಳೆ ಅಷ್ಟಕ್ಕಷ್ಟೇ ಇರುವಾಗ ಎರಡು ಸಲಿಕೆ ಮಣ್ಣು ಹಾಕಿ ಬಾಯಿ ಮುಚ್ಚಿಡಿ. ಬಿದ್ದ ಹನಿ ಹೊರಗೆ ಹೋಗದೆ ಮಡಿಯ ಬುಡಕ್ಕೇ ಇಂಗುತ್ತದೆ. ಹುಬ್ಬಿ ಮಳೆ ಶುರುವಾಗುವ ಮೊದಲು ಆ ಮಣ್ಣು ತೆಗೆದುಬಿಡಿ. ಅಕ್ಟೋಬರ್ ಕೊನೆಗೆ ಚಿತ್ತಾ ಮಳೆ ಮುಗಿದ ಮೇಲೆ ಮತ್ತೆ ಮುಚ್ಚಿ, ಬೇಸಿಗೆ ತನಕ ಅದೇ ಕಾಲುವೆಗೆ ನೀರು ಬಿಡಿ. ಒಂದೇ ಮಡಿ ಎರಡು ಕಾಲಕ್ಕೂ ಬಾಳುತ್ತದೆ. ಪಾತಿಯಲ್ಲಾಗಲಿ ಎತ್ತರದ ಕಟ್ಟೆಯಲ್ಲಾಗಲಿ ಈ ಅನುಕೂಲ ಸಿಗೋದಿಲ್ಲ ಅಲ್ವಾ? ಖರ್ಚು ಒಬ್ಬರ ಒಂದು ದಿನದ ಕೂಲಿ ಮತ್ತು ಗೊಬ್ಬರ. ಬದಿಗಳು ಒಂದಿಷ್ಟು ಕುಸಿಯುತ್ತವೆ, ವರ್ಷಕ್ಕೊಮ್ಮೆ ಕಾಲುವೆ ಬಳಿದು ಮೇಲೆ ಹಾಕಬೇಕು. ಅಷ್ಟು ಕೆಲಸ ಇದ್ದೇ ಇದೆ.

ಕಲ್ಲು, ಇಟ್ಟಿಗೆಯ ಕಟ್ಟೆ ಮಡಿ ನೋಡೋಕೆ ಅಚ್ಚುಕಟ್ಟು. ಬಗ್ಗೋಕೆ ಆಗದ ಹಿರಿಯರಿಗೆ, ಅಂಗಳ ರಸ್ತೆಗಿಂತ ತಗ್ಗಿದ್ದು ನೀರು ಹೊರಗೆ ಹೋಗೋ ದಾರಿಯೇ ಇಲ್ಲದವರಿಗೆ, ಸವಳು (ಉಪ್ಪೇರಿದ) ನೆಲದವರಿಗೆ ಇದೇ ಸರಿ. ಉಳಿದವರು ಖರ್ಚು ಲೆಕ್ಕ ಹಾಕಿ ಮುಂದುವರಿಯಿರಿ. ಹತ್ತು ಅಡಿ ಉದ್ದ, ಮೂರು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಒಂದು ಕಟ್ಟೆಗೆ 45 ಘನ ಅಡಿ ಮಣ್ಣು ಬೇಕು. ಎರಡು ಕಟ್ಟೆಗೆ ಹೆಚ್ಚುಕಡಿಮೆ ಒಂದು ಬ್ರಾಸ್ (ನೂರು ಘನ ಅಡಿ). ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಅದು ಕುಸಿದು ಮತ್ತೆ ತುಂಬಬೇಕಾಗುತ್ತದೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ನಾಲ್ಕೂ ಬದಿಯಿಂದ ಕಲ್ಲು ಕಾಯುತ್ತದೆ. ದಿನಾ ನೀರು ಬೇಕು. ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ ಬರುವ ಓಣಿಯಲ್ಲಿ ಇದು ದೊಡ್ಡ ಮಾತು.

ಕಟ್ಟಲೇಬೇಕು ಅಂದರೆ ಸಿಮೆಂಟ್ ಗಾರೆ ಹಾಕಬೇಡಿ. ಕೆಳಗಿನ ಎರೆ ಹಿಗ್ಗಿ ಕುಗ್ಗುವಾಗ ಗಾರೆಯ ಗೋಡೆ ಸಂದು ಸಂದಿಗೂ ಬಿಡುತ್ತದೆ. ನಾಲ್ಕು ಇಂಚು ಗರಸು ಹಾಸಿ ದಿಮ್ಮಸು ಹೊಡೆದು, ಅದರ ಮೇಲೆ ಕಲ್ಲನ್ನು ಒಣದಾಗಿ ಜೋಡಿಸಿ. ಅಲುಗಿದರೆ ಮತ್ತೆ ಕೂರಿಸಬಹುದು. ರಾಯಚೂರು ಕಡೆ ಶಹಾಬಾದ್ ಕಲ್ಲಿನ ಪರಸಿ ಸಿಗುತ್ತದೆ, ಅದನ್ನು ಮೂರನೇ ಒಂದು ಭಾಗ ನೆಲದಲ್ಲಿ ಹೂತು ನಿಲ್ಲಿಸಬಹುದು. ಕುಷ್ಟಗಿ ಕಡೆಯವರಿಗೆ ಗ್ರಾನೈಟ್ ಕ್ವಾರಿಯ ತುಂಡು ಕಲ್ಲು ಅಗ್ಗ. ಶಕ್ತಿನಗರ, ಕುಡತಿನಿ ಸುತ್ತಮುತ್ತ ವಿದ್ಯುತ್ ಕೇಂದ್ರಗಳ ಹಾರುಬೂದಿಯಿಂದ ಮಾಡಿದ ಇಟ್ಟಿಗೆ ಸಿಗುತ್ತದೆ. ಕೊಳ್ಳೋದಾದರೆ ತಿನ್ನುವ ಬೆಳೆಯ ಮಡಿಗೆ ಕಲ್ಲೇ ಇರಲಿ ಅನ್ನೋದು ನನ್ನ ಆಯ್ಕೆ. ಬುಡದಲ್ಲಿ ನೀರು ಬಸಿಯೋಕೆ ಸಂದು ಬಿಡೋದು ಮರೆಯಬೇಡಿ. ಕೆಳಗೆ ಕಾಂಕ್ರೀಟ್ ಹಾಕಬೇಡಿ, ಇರುವ ಮಣ್ಣನ್ನು ಹಾರೆಯಿಂದ ಮೀಟಿ ಸಡಿಲ ಮಾಡಿ.

ಮಣ್ಣಿಗೆ ಏನು ಬೆರೆಸಬೇಕು, ಏನು ಬೇಡ

"ಒಂದು ಟ್ರಾಕ್ಟರ್ ಉಸುಕು ಹೊಡೆಸಿಬಿಡ್ರಿ, ಎರಿ ಸಡಿಲಾಗ್ತದ" ಅಂತ ಹೇಳುವವರು ಎಲ್ಲ ಊರಲ್ಲೂ ಇದ್ದಾರೆ. ಸ್ವಲ್ಪ ಉಸುಕು ಬೆರೆಸಿದರೆ ಎರೆ ಸಡಿಲ ಆಗೋದಿಲ್ಲ, ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಗುಣ ಬದಲಾಗಬೇಕು ಅಂದರೆ ಅರ್ಧಕ್ಕಿಂತ ಜಾಸ್ತಿ ಉಸುಕೇ ಇರಬೇಕು, ಅಷ್ಟು ಯಾರೂ ಹಾಕೋದಿಲ್ಲ. ಕೆರೆ ಹೂಳೂ ಬೇಡ. ಕೆಂಪು ಮಣ್ಣಿಗೆ ಅದು ಒಳ್ಳೆಯದು, ಎರೆಗೆ ಹಾಕಿದರೆ ಜಿಗುಟಿಗೆ ಜಿಗುಟು ಸೇರಿಸಿದಂತೆ. ಸುಣ್ಣ, ಒಲೆ ಬೂದಿ ಎರಡೂ ದೂರ ಇರಲಿ. ನಮ್ಮ ಎರೆಯಲ್ಲಿ ಸುಣ್ಣದ ಹರಳು ಮೊದಲೇ ಇರುತ್ತದೆ. ರಸಸಾರ (ಪಿಎಚ್) 8 ದಾಟಿರೋದೇ ಜಾಸ್ತಿ. ಇನ್ನೂ ಏರಿದರೆ ಕಬ್ಬಿಣ, ಸತುವು ಮಣ್ಣಲ್ಲಿ ಇದ್ದರೂ ಬೇರಿಗೆ ಸಿಗೋದಿಲ್ಲ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಅದೇ ಲಕ್ಷಣ.

ಎರೆಯನ್ನು ಮಿದು ಮಾಡೋದು ಕಳಿತ ಗೊಬ್ಬರ ಒಂದೇ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಮಡಿ ಮೇಲೆ ಎರಡು ಮೂರು ಇಂಚು ಹರಡಿ, ಮೇಲಿನ ಆರು ಇಂಚು ಮಣ್ಣಿಗೆ ಬೆರೆಸಿ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ರೈಸ್ ಮಿಲ್‌ಗಳಲ್ಲಿ ಭತ್ತದ ಹೊಟ್ಟು ಧಾರಾಳ. ಅದು ಬೇಗ ಕೊಳೆಯೋದಿಲ್ಲ, ಹಾಗಾಗಿ ಮಣ್ಣಿನ ನಡುವೆ ಸಂದು ಉಳಿಸುತ್ತದೆ. ಗೊಬ್ಬರದ ಜೊತೆ ಒಂದಿಷ್ಟು ಬೆರೆಸಬಹುದು. ಮೇಲೆ ಹೊದಿಕೆಗೆ ಭತ್ತದ ಹುಲ್ಲು, ಶೇಂಗಾ ಹೊಟ್ಟು, ಕಡಲೆ ಹೊಟ್ಟು ಯಾವುದಾದರೂ ಆದೀತು. ಹೊದಿಕೆ ಇದ್ದರೆ ಮಳೆ ಹನಿ ನೇರ ಬಡಿಯದೆ ಹೆಪ್ಪು ಕಟ್ಟೋದು ತಪ್ಪುತ್ತದೆ, ಬೇಸಿಗೆಯಲ್ಲಿ ಬಿರುಕು ಕಡಿಮೆ ಆಗುತ್ತದೆ. ಬಿರುಕು ಬಿಟ್ಟರೆ ಬೇರು ಹರಿಯುತ್ತದೆ, ಅದು ಹೊರಗೆ ಕಾಣಿಸೋದೂ ಇಲ್ಲ. ಕಟ್ಟೆಯ ತಳ ತುಂಬೋಕೆ ಹತ್ತಿ ಕಟ್ಟಿಗೆ ಹಾಕುವವರಿದ್ದಾರೆ. ಒಣ ಕಾಯಿ ಉಳಿದ ಕಟ್ಟಿಗೆ ತರಬೇಡಿ, ಅದರಲ್ಲಿ ಗುಲಾಬಿ ಕಾಯಿಕೊರಕ ಅಡಗಿರುತ್ತದೆ.

ಎರೆ ಒಳಗೆ ಗುಂಡಿ ತೋಡಿ ಒಳ್ಳೆ ಮಣ್ಣು ತುಂಬೋದು ಇನ್ನೊಂದು ರೂಢಿ. ದಯವಿಟ್ಟು ಬೇಡ. ಸುತ್ತ ನೀರು ಬಿಡದ ಎರೆ, ನಡುವೆ ಸಡಿಲ ಮಣ್ಣು. ಅಂಗಳದ ನೀರೆಲ್ಲ ಆ ಗುಂಡಿಗೇ ಬಂದು ನಿಲ್ಲುತ್ತದೆ. ಮಸಾರಿ ತಂದು ಎರೆ ಮೇಲೆ ಸುಮ್ನೆ ಸುರಿಯೋದೂ ಹಾಗೇ, ಎರಡು ಮಣ್ಣು ಕೂಡುವ ಜಾಗದಲ್ಲಿ ನೀರು ತಡೆಯುತ್ತದೆ. ತಂದರೆ ಕೆಳಗಿನ ಆರು ಇಂಚು ಎರೆ ಜೊತೆ ಬೆರೆಸಿಯೇ ಹಾಕಿ.

ಸವಳು ಇದ್ದರೆ

ತುಂಗಭದ್ರಾ ಅಣೆಕಟ್ಟಿನ ನೀರು 1953ರಿಂದ ಕಾಲುವೆಯಲ್ಲಿ ಹರಿಯೋಕೆ ಶುರುವಾದ ಮೇಲೆ ಕೆಳಮಟ್ಟದ ಎರೆ ನೆಲಗಳಲ್ಲಿ ಸವಳು, ಜವಳು (ನೀರು ನಿಂತು ನೆಲ ಕೆಡೋದು) ಬಂದದ್ದು ಗೊತ್ತೇ ಇದೆ. ನಿಮ್ಮ ಹಿತ್ತಲಲ್ಲೂ ಒಣಗಿದಾಗ ಬಿಳಿ ಪುಡಿ ಮೇಲೆ ಕಾಣುತ್ತದೆ ಅಂದರೆ ಮಡಿ ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಹಗರಿ, ಗಂಗಾವತಿ, ರಾಯಚೂರಿನ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಕೇಳಬಹುದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಮೇಲೆಯೇ ಸಂಶೋಧನೆ ನಡೆಯುತ್ತದೆ. ಜಿಪ್ಸಂ ಹಾಕಬೇಕೋ ಬೇಡವೋ ಅನ್ನೋದು ಆ ವರದಿ ನೋಡಿಯೇ ನಿರ್ಧಾರ ಆಗಬೇಕು. ಸೋಡಿಯಂ ಜಾಸ್ತಿ ಇರುವ ಕರ್ಲು ಮಣ್ಣಿಗೆ ಅದು ಮದ್ದು. ಬರೀ ಗಟ್ಟಿ ಎರೆಗೆ ಹಾಕಿದರೆ ದುಡ್ಡು ದಂಡ.

ಸವಳು ನೆಲದಲ್ಲಿ ಏರುಮಡಿ ಮಾಡಿದವರು ಒಂದು ಗಮನಿಸಬೇಕು. ಕಾಲುವೆಯಲ್ಲಿ ನೀರು ಬಿಟ್ಟಾಗ ಅದು ಮಡಿಯ ನೆತ್ತಿಗೆ ಏರಿ ಆರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಸಸಿಯನ್ನು ನೆತ್ತಿಯಲ್ಲಿ ನೆಡದೆ ಬದಿಯ ಇಳಿಜಾರಿನಲ್ಲಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ನೆಡಿ. ಪಾಲಕ್ ಮತ್ತು ಬೀಟ್‌ರೂಟ್ ಉಪ್ಪು ತಡೆಯುತ್ತವೆ. ಬೀನ್ಸ್ ತಡೆಯೋದಿಲ್ಲ.

ಯಾವಾಗ ಅಗೆಯಬೇಕು

ಮೇ ತಿಂಗಳ ಒಣ ಎರೆ ಗುದ್ದಲಿಗೆ ಬಗ್ಗೋದಿಲ್ಲ, ಎದ್ದದ್ದೆಲ್ಲ ಹೆಂಟೆ. ಹಸಿ ಇರುವಾಗ ಅಗೆದರೆ ಸಲಿಕೆಗೇ ಅಂಟಿ, ಒಣಗಿದ ಮೇಲೆ ಕಲ್ಲಾಗುತ್ತದೆ. ನಡುವಿನ ಹದ ಎರೆಯಲ್ಲಿ ಕೆಲವೇ ದಿನ ಇರುತ್ತದೆ. ನಾಲ್ಕು ಇಂಚು ಕೆಳಗಿನ ಮಣ್ಣು ತೆಗೆದು ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಬಿಡಿ. ಚಪ್ಪಟೆಯಾಗಿ ಅಂಟಿದರೆ ಇನ್ನೂ ಹಸಿ, ಪುಡಿ ಪುಡಿಯಾಗಿ ಒಡೆದರೆ ಅದೇ ಹದ. ಬೇಸಿಗೆಯಲ್ಲಿ ಜಾಗ ಗುರುತು ಹಾಕಿ, ದಾರ ಕಟ್ಟಿ, ಗೊಬ್ಬರ ತಂದಿಟ್ಟುಕೊಳ್ಳಿ. ಜೂನ್‌ನಲ್ಲಿ ಮೃಗಶಿರದ ಮೊದಲ ಮಳೆ ಬಿದ್ದು ಹದ ಬಂದ ಕೂಡಲೇ ಅಗೆದು ಮಡಿ ಏರಿಸಿ. ಮುಂಗಾರು ತಪ್ಪಿದರೆ ಅಕ್ಟೋಬರ್ ಕೊನೆಯಲ್ಲಿ ಇನ್ನೊಂದು ಅವಕಾಶ ಇದೆ.

ಬಾಡಿಗೆ ಮನೆಯವರಿಗೆ ಈ ಅಗೆತ ಯಾವುದೂ ಸಾಧ್ಯವಿಲ್ಲದಿರಬಹುದು. ಅವರಿಗೆ ಚೀಲವೇ ಸರಿ. ಅದರಲ್ಲಿ ಬರೀ ಎರೆ ತುಂಬಬೇಡಿ. ಎರಡು ಪಾಲು ಮಸಾರಿ, ಒಂದು ಪಾಲು ತಿಪ್ಪೆಗೊಬ್ಬರ, ಅರ್ಧ ಪಾಲು ಭತ್ತದ ಹೊಟ್ಟು ಬೆರೆಸಿ. ಬುಡದಲ್ಲಿ ತೂತು ಮಾಡಿ, ಎರಡು ಇಟ್ಟಿಗೆ ಮೇಲೆ ಇಡಿ. ಬೇಸಿಗೆಯಲ್ಲಿ ಪಡುವಣ ಬಿಸಿಲು ಬೀಳದ ಗೋಡೆಯ ಪಕ್ಕಕ್ಕೆ ಸರಿಸಿ. ಮನೆ ಬದಲಿಸುವಾಗ ಸಾಮಾನಿನ ಜೊತೆ ಅದೂ ಗಾಡಿ ಏರುತ್ತದೆ.